ಛತ್ರ ಕಟ್ಟಿದವರ ಪಾಲು ಮುಗಿಯಿತು, ಕಾಯುವ ಪಾಲು ನಮ್ಮದು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಸಮಸ್ತ ನಾಗರಿಕರಲ್ಲಿ ವಿನಂತಿ



ನಮ್ಮ ಮೂರು ತಾಲ್ಲೂಕುಗಳ ದಾರಿಬದಿಯಲ್ಲಿ, ದೇವಸ್ಥಾನ ಬಸದಿಗಳ ಮಗ್ಗುಲಲ್ಲಿ, ತುಂಗೆ ಭದ್ರೆಯರ ದಂಡೆಯಲ್ಲಿ ಅಲ್ಲೊಂದು ಇಲ್ಲೊಂದು ಉಳಿದುಕೊಂಡಿರುವ ಹಳೆಯ ಧರ್ಮಛತ್ರಗಳಿಗೆ ಕಾನೂನಿನ ರಕ್ಷಣೆ ಸಿಗಬೇಕು. ಅವು ಪಾರಂಪರಿಕ ಕಟ್ಟಡಗಳೆಂದು ದಾಖಲಾಗಬೇಕು, ದುರಸ್ತಿಯಾಗಬೇಕು, ಮತ್ತೆ ಬಾಗಿಲು ತೆರೆಯಬೇಕು. ಈ ಕರಪತ್ರದ ಬೇಡಿಕೆ ಇಷ್ಟೇ. ಇದು ತಾನಾಗಿ ಆಗುವ ಕೆಲಸವಲ್ಲ. ಊರಿನವರು ಕೇಳದಿದ್ದರೆ ಯಾವ ಇಲಾಖೆಯೂ ಮಲೆನಾಡಿನ ಮೂಲೆಯ ಒಂದು ಛತ್ರವನ್ನು ಹುಡುಕಿಕೊಂಡು ಬರುವುದಿಲ್ಲ. ಕೇಳುವವರು ನಾವೇ ಆಗಬೇಕು.

ಹಳೆಯ ದಾನಶಾಸನಗಳನ್ನು ಓದಿದವರಿಗೆ ಗೊತ್ತು. ಕೊಟ್ಟ ಭೂಮಿ ಎಷ್ಟು, ಅದರ ಚತುಸ್ಸೀಮೆ ಯಾವುದು, ಸಾಕ್ಷಿ ಯಾರು ಎಂದೆಲ್ಲ ಬರೆದ ಮೇಲೆ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಮಾತು ಬರುತ್ತದೆ: ತಾನು ದಾನ ಕೊಡುವುದಕ್ಕಿಂತ ಇನ್ನೊಬ್ಬರು ಕೊಟ್ಟ ದಾನವನ್ನು ಕಾಪಾಡುವುದರಲ್ಲಿ ಹೆಚ್ಚಿನ ಪುಣ್ಯವಿದೆ. ಅದರ ಬೆನ್ನಿಗೇ ಶಾಪ. ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುತ್ತಾನೆ ಎಂದು. ಅದನ್ನು ಬರೆಸಿದವರಿಗೆ ಮನುಷ್ಯರ ಸ್ವಭಾವ ಚೆನ್ನಾಗಿ ತಿಳಿದಿತ್ತು. ಕೊಡುವವನ ಉತ್ಸಾಹ ಒಂದು ತಲೆಮಾರಿನದು. ಕಾಯುವವರು ಮುಂದಿನ ಹತ್ತಿಪ್ಪತ್ತು ತಲೆಮಾರಿನವರು. ಅವರು ಕೈಬಿಟ್ಟರೆ ಕೊಟ್ಟದ್ದೂ ಹೋಯಿತು, ಕೊಟ್ಟವನ ಹೆಸರೂ ಹೋಯಿತು. ಆ ಕಲ್ಲಿನ ಮಾತು ಈಗ ನಮ್ಮ ಬಾಗಿಲಿಗೆ ಬಂದಿದೆ.

ಕೊಪ್ಪ, ಶೃಂಗೇರಿ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಆಗ ನಮ್ಮದು ಕಡೂರು ಜಿಲ್ಲೆ. ವಿಜಯನಗರದ ಹರಿಹರ ತನ್ನ ತಮ್ಮಂದಿರೊಡನೆ 1346ರಲ್ಲಿ ಶೃಂಗೇರಿಗೆ ಬಂದು ಭಾರತೀತೀರ್ಥರಿಗೂ ಅವರ ಶಿಷ್ಯರಿಗೂ ಭೂಮಿ ಬಿಟ್ಟದ್ದು ಅಲ್ಲಿ ದಾಖಲಾಗಿದೆ. 1791ರಲ್ಲಿ ಮರಾಠರ ದಂಡು ಶೃಂಗೇರಿಯನ್ನು ಸೂರೆಮಾಡಿದಾಗ ಹಾಳಾದದ್ದನ್ನು ಮತ್ತೆ ನಿಲ್ಲಿಸಲು ಟಿಪ್ಪು ಸುಲ್ತಾನ್ ಹಣ ಕಳಿಸಿದ; ಮಠಕ್ಕೆ ಬರೆದ ಅವನ ಕನ್ನಡ ಪತ್ರಗಳು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರ ಕಣ್ಣಿಗೆ ಬಿದ್ದವು. ಮಠದವರು ಆ ಕಾಗದಗಳನ್ನು ಒಂದೂಕಾಲು ಶತಮಾನ ಜೋಪಾನ ಮಾಡಿದ್ದರಿಂದ ಇವತ್ತು ನಮಗೆ ಈ ಸಂಗತಿ ಗೊತ್ತು. ಗೆದ್ದಲಿಗೆ ಬಿಟ್ಟಿದ್ದರೆ ಗೊತ್ತಾಗುತ್ತಿರಲಿಲ್ಲ.

ಅನ್ನದಾನವೇನೋ ನಮ್ಮ ಸೀಮೆಯಲ್ಲಿ ನಿಂತಿಲ್ಲ. ಶೃಂಗೇರಿಗೆ ಬಂದವರಿಗೆ ಇಂದಿಗೂ ಊಟವಿದೆ. ಹೊರನಾಡಿನಲ್ಲಿದೆ, ಬಾಳೆಹೊನ್ನೂರಿನ ರಂಭಾಪುರಿ ಪೀಠದಲ್ಲಿ ದಾಸೋಹವಿದೆ. ಆ ಹೆಮ್ಮೆ ನಮಗಿರಲಿ. ಆದರೆ ಊಟ ಉಳಿಯಿತೆಂದು ಉಣಿಸಿದ ಮನೆ ಉಳಿದಂತಾಗಲಿಲ್ಲ.

ಮಳೆಗಾಲದ ದಾರಿ, ಛತ್ರದ ಜಗಲಿ

ಬಸ್ಸು ಬರುವ ಮುಂಚಿನ ಮಲೆನಾಡನ್ನು ಸ್ವಲ್ಪ ನೆನೆಸಿಕೊಳ್ಳಿ. ಘಟ್ಟದ ಕೆಳಗಿನಿಂದ ಉಪ್ಪು, ಒಣಮೀನು ಹೊತ್ತ ಎತ್ತುಗಳು ಹತ್ತಿ ಬರುತ್ತಿದ್ದವು. ಇಲ್ಲಿಂದ ಅಕ್ಕಿ, ಅಡಿಕೆ, ಮೆಣಸು ಇಳಿಯುತ್ತಿದ್ದವು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ನಮ್ಮ ಕಡೆ ಅಷ್ಟಿಲ್ಲದಿದ್ದರೂ ಆಷಾಢದಲ್ಲಿ ಹೊಳೆ ದಾಟುವುದು ಹುಡುಗಾಟವಾಗಿರಲಿಲ್ಲ. ಸೇತುವೆಯಿಲ್ಲ. ದೋಣಿಗಂಡಿಯಲ್ಲಿ ನೆರೆ ಇಳಿಯುವ ತನಕ ಕಾಯಬೇಕು. ಮೇಲೆ ಜಡಿಮಳೆ, ಕಾಲಿಗೆ ಇಂಬಳ, ಮೈಗೆ ಚಳಿಜ್ವರ, ರಾತ್ರಿಯಾದರೆ ಕಾಡುಮೃಗದ ಹೆದರಿಕೆ. ಹಾಗೆ ಬಂದು ನಿಂತ ಯಾತ್ರಿಕನಿಗೆ, ಹೊರೆಯಾಳಿಗೆ, ಹೆರಿಗೆಗೆ ತವರಿಗೆ ಹೊರಟ ಹೆಣ್ಣುಮಗಳಿಗೆ ಒಂದು ಒಣ ಜಗಲಿ, ಒಂದು ಹೊತ್ತಿನ ಗಂಜಿ, ಮೈ ಕಾಯಿಸಿಕೊಳ್ಳಲು ಒಲೆಯ ಬೆಂಕಿ ಸಿಕ್ಕುವುದೆಂದರೆ ಜೀವ ಉಳಿದ ಹಾಗೆ. ಊರಿನ ಯಾರೋ ಒಬ್ಬರು ಗದ್ದೆಯನ್ನೋ ತೋಟವನ್ನೋ ಬಿಟ್ಟುಕೊಟ್ಟು, ಅದರ ಉತ್ಪತ್ತಿಯಲ್ಲಿ ಛತ್ರ ನಡೆಯಲಿ ಎಂದು ಬರೆದಿಟ್ಟರು. ಮಕ್ಕಳಿಲ್ಲದ ವಿಧವೆಯರು ಬಿಟ್ಟುಕೊಟ್ಟದ್ದೂ ಉಂಟು. ಮೈಸೂರು ಸರ್ಕಾರದ ಮುಜರಾಯಿ ಇಲಾಖೆಯೂ ಛತ್ರಗಳನ್ನು ನಡೆಸಿತು.

ಅಂಥ ಹಳೆಯ ಛತ್ರವೊಂದರ ಜಗಲಿ ಹತ್ತಿ ನಿಧಾನವಾಗಿ ನೋಡಿ. ಹೊಸಿಲು ನಡುವೆ ಸವೆದು ತಗ್ಗಾಗಿರುತ್ತದೆ. ಗೋಡೆ ಜಂಬಿಟ್ಟಿಗೆಯದು, ಇಲ್ಲವೆ ತುಳಿದ ಮಣ್ಣಿನದು. ಮೊಳ ದಪ್ಪ. ಕಂಬ, ಬೋದಿಗೆ, ತೊಲೆ, ಜಂತೆ ಎಲ್ಲವೂ ಹತ್ತಿರದ ಕಾಡಿನ ಮರ. ಕಂಬದಲ್ಲಿ ಒಂದು ಎತ್ತರಕ್ಕೆ ಮಾತ್ರ ಎಣ್ಣೆ ಹಚ್ಚಿದಂತೆ ಮಿರುಗು ಕಾಣುತ್ತದೆ. ಕೂತವರೆಲ್ಲ ಬೆನ್ನು ಕೊಟ್ಟು ಒರಗಿದ ಜಾಗ ಅದು. ಸೂರು ಗೋಡೆಯಿಂದ ಮಾರು ದೂರ ಚಾಚಿಕೊಂಡಿರುತ್ತದೆ, ಸೂರುನೀರು ಗೋಡೆಗೆ ಎರಚಬಾರದೆಂದು. ಒಳಗೆ ಅಂಗಳ, ಅಂಗಳದ ಸುತ್ತ ಪಡಸಾಲೆ. ಗೋಡೆಯಲ್ಲಿ ಮಸಿ ಹಿಡಿದ ದೀಪದ ಗೂಡುಗಳು. ಅಡುಗೆಮನೆಯಲ್ಲಿ ದೊಡ್ಡ ಹಂಡೆ ಕೂರುವ ಒಲೆಗಳು, ನೆಲದಲ್ಲಿ ಹೂತ ಒರಳುಕಲ್ಲು. ಎಲ್ಲೋ ಒಂದು ಕಡೆ, ಬಹುಶಃ ಹೆಬ್ಬಾಗಿಲ ಮೇಲೆ, ಸುಣ್ಣ ಬಳಿದು ಬಳಿದು ಅಕ್ಷರ ಮುಚ್ಚಿಹೋದ ಒಂದು ಕಲ್ಲು. ಆ ಸುಣ್ಣವನ್ನು ಚಾಕುವಿನಿಂದ ಕೆರೆಯಬೇಡಿ, ನೀರಿನಲ್ಲಿ ನೆನೆಸಿ ಮೆತ್ತಗಿನ ಬ್ರಷ್ಷಿನಲ್ಲಿ ತೊಳೆಯಿರಿ. ಕಟ್ಟಿಸಿದವರ ಹೆಸರು ಅಲ್ಲಿರಬಹುದು.

ಇಂಥ ಕಟ್ಟಡಕ್ಕೆ ನಕ್ಷೆ ಬರೆದ ಎಂಜಿನಿಯರು ಇರಲಿಲ್ಲ. ಊರ ಆಚಾರಿಗಳು, ಗೋಡೆ ಇಡುವ ಆಳುಗಳು, ಹೆಂಚು ಹೊದೆಸುವವರು ಮಳೆಯನ್ನು ಅರಿತು ಕಟ್ಟಿದರು. ದೇವಸ್ಥಾನದ ಶಿಲ್ಪಕ್ಕೆ ನಾವು ಕೈಮುಗಿಯುತ್ತೇವೆ. ಶೃಂಗೇರಿಯ ವಿದ್ಯಾಶಂಕರ ಗುಡಿಯ ರಾಶಿಕಂಬಗಳನ್ನು ನೋಡಲು ದೇಶವಿದೇಶದಿಂದ ಜನ ಬರುತ್ತಾರೆ. ಬರಲಿ. ಆದರೆ ದಾರಿಹೋಕರಿಗೆಂದು ಕಟ್ಟಿದ ಮನೆಯೂ ಅಷ್ಟೇ ಗಟ್ಟಿಯಾದ ವಾಸ್ತು ಎಂದು ನಾವು ಇನ್ನೂ ಒಪ್ಪಿಕೊಂಡಿಲ್ಲ. ಅದಕ್ಕೇ ಗುಡಿಗೆ ಕಾವಲುಗಾರನಿದ್ದಾನೆ, ಛತ್ರಕ್ಕೆ ಬೀಗವೂ ಇಲ್ಲ.

ಒಂದು ಕಹಿ ಮಾತನ್ನೂ ಇಲ್ಲೇ ಆಡಬೇಕು. ನಮ್ಮ ನಾಡಿನ ಅನೇಕ ಛತ್ರಗಳಲ್ಲಿ ಪಂಕ್ತಿಭೇದ ಇತ್ತು. ಕೆಲವರಿಗೆ ಒಳಗೆ ಎಲೆ, ಕೆಲವರಿಗೆ ಅಂಗಳ, ಕೆಲವರಿಗೆ ಹಿತ್ತಿಲ ಬೇಲಿಯಾಚೆ. ಅದನ್ನು ಮುಚ್ಚಿಟ್ಟು ಛತ್ರವನ್ನು ಹೊಗಳುವುದು ಸರಿಯಲ್ಲ. ಎಲ್ಲ ಕಡೆಯೂ ಹಾಗೇ ಇತ್ತೆಂದೂ ಹೇಳುವಂತಿಲ್ಲ. ತಂಜಾವೂರಿನ ಎರಡನೆಯ ಸರ್ಫೋಜಿ ರಾಜ 1801ರಲ್ಲಿ ಬ್ರಿಟಿಷ್ ರೆಸಿಡೆಂಟನಿಗೆ ಪತ್ರ ಬರೆದು, ತನ್ನ ಛತ್ರಗಳ ಭೂಮಿಯನ್ನು ಮುಟ್ಟಬೇಡಿ ಎಂದು ಬೇಡಿಕೊಂಡ. ಬ್ರಾಹ್ಮಣನಿಂದ ಹಿಡಿದು ಪರೆಯನವರೆಗೆ, ಜೋಗಿ ಜಂಗಮರವರೆಗೆ ಯಾರು ಬಂದರೂ ಅಲ್ಲಿ ಅನ್ನವಿದೆ. ಕಾಯಿಲೆಯವರಿಗೆ ವೈದ್ಯರಿದ್ದಾರೆ, ಅನಾಥ ಮಕ್ಕಳಿಗೆ ಪಾಠವಿದೆ, ದಾರಿಯಲ್ಲಿ ಸತ್ತವರಿಗೆ ಸಂಸ್ಕಾರವಿದೆ ಎಂದು ಅದರಲ್ಲಿ ವಿವರಿಸಿದ್ದಾನೆ. ನಾವು ಉಳಿಸಬೇಕೆನ್ನುವುದು ಗೋಡೆ ಮಾಡುಗಳನ್ನು, ಹಸಿದವರಿಗೆ ಬಾಗಿಲು ತೆರೆದ ಮನಸ್ಸನ್ನು. ಪಂಕ್ತಿಭೇದದ ನೆನಪು ಗೋಡೆಯ ಮೇಲೆ ಫಲಕವಾಗಿ ಇರಲಿ, ಮಕ್ಕಳು ಓದಿ ತಿಳಿಯಲಿ. ದುರಸ್ತಿಯಾಗಿ ಮತ್ತೆ ತೆರೆಯುವ ಛತ್ರದ ಬಾಗಿಲು ಮಾತ್ರ ಎಲ್ಲರಿಗೂ ಒಂದೇ ಬಾಗಿಲಾಗಿರಬೇಕು. ಇದಕ್ಕೆ ಒಪ್ಪದವರ ಸಹಿ ನಮಗೆ ಬೇಡ.

ಯಾಕೆ ಬೀಳುತ್ತಿವೆ

ಯಾರೂ ಛತ್ರವನ್ನು ಒಂದೇ ದಿನ ಕೆಡವುವುದಿಲ್ಲ. ಮೊದಲು ಒಂದು ಹೆಂಚು ಜಾರುತ್ತದೆ. ಹಿಂದೆಲ್ಲ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ಪದ್ಧತಿಯಿತ್ತು, ಗಾಳಿಮಳೆ ಹೊಡೆಯುವ ಮಗ್ಗುಲಿಗೆ ಅಡಿಕೆಸೋಗೆಯ ತಟ್ಟಿ ಕಟ್ಟುತ್ತಿದ್ದರು. ಅದು ನಿಂತಿತು. ಜಾರಿದ ಹೆಂಚಿನ ಸಂದಿಯಿಂದ ನೀರು ರೀಪಿಗೆ, ರೀಪಿನಿಂದ ಪಕಾಸಿಗೆ, ಅಲ್ಲಿಂದ ಗೋಡೆಯ ತಲೆಗೆ ಇಳಿಯುತ್ತದೆ. ನೆನೆದ ಮರಕ್ಕೆ ಗೆದ್ದಲು. ಎರಡು ಮೂರು ಮಳೆಗಾಲ ಕಳೆದರೆ ಮಾಡಿನ ಒಂದು ಮೂಲೆ ಕುಸಿದಿರುತ್ತದೆ. ಆಮೇಲೆ ಬರುವುದೇ "ಶಿಥಿಲ ಕಟ್ಟಡ" ಎಂಬ ವರದಿ. ಹತ್ತಿಪ್ಪತ್ತು ಹೆಂಚು ಬದಲಾಯಿಸಿದ್ದರೆ ಉಳಿಯುತ್ತಿದ್ದ ಕಟ್ಟಡಕ್ಕೆ ಜೆಸಿಬಿ ಬರುತ್ತದೆ.

ಒಳ್ಳೆಯ ಮನಸ್ಸಿನಿಂದ ಮಾಡುವ ದುರಸ್ತಿಯೂ ಕೆಲವೊಮ್ಮೆ ಕೊಲ್ಲುತ್ತದೆ. ಮಣ್ಣಿನ, ಜಂಬಿಟ್ಟಿಗೆಯ ಗೋಡೆ ಮಳೆಗಾಲದಲ್ಲಿ ಹೀರಿದ ನೀರನ್ನು ಬೇಸಗೆಯಲ್ಲಿ ಹೊರಗೆ ಬಿಡುತ್ತದೆ. ಸುಣ್ಣದ ಗಾರೆ ಅದಕ್ಕೆ ಅಡ್ಡ ಬರುವುದಿಲ್ಲ. ಅದರ ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ಸಿಕ್ಕಿಕೊಂಡು ಗೋಡೆ ಒಳಗಿನಿಂದ ಪುಡಿಯಾಗುತ್ತದೆ. ಹೊರಗೆ ನೋಡಲು ಹೊಸದು, ಒಳಗೆ ಹುಡಿ. ಆದ್ದರಿಂದ ದೇಣಿಗೆ ಕೊಡುವ ಮಹನೀಯರಲ್ಲಿ ಕೈಮುಗಿದು ಕೇಳುತ್ತೇವೆ: ಸಿಮೆಂಟ್ ಮೂಟೆ ಕಳಿಸಬೇಡಿ. ಬೆಲ್ಲದ ನೀರು, ಅಳಲೆಕಾಯಿ ಸೇರಿಸಿ ಸುಣ್ಣದ ಗಾರೆ ಅರೆಯಬಲ್ಲ ಕೆಲಸಗಾರರನ್ನು ಹುಡುಕಿಕೊಡಿ. ಅವರು ಈಗ ಬಹಳ ಕಡಿಮೆ.

ಮೂರನೆಯದು ರಸ್ತೆ. ಛತ್ರ ಇರುವುದೇ ದಾರಿಬದಿಯಲ್ಲಿ. ದಾರಿ ಅಗಲವಾಗುವಾಗ ಮೊದಲು ಹೋಗುವುದೂ ಅದೇ. ಶೃಂಗೇರಿಯಿಂದ ಕೆರೆಕಟ್ಟೆಯ ಮೇಲೆ ಕಾರ್ಕಳಕ್ಕೆ ಇಳಿಯುವ 169ನೇ ರಾಷ್ಟ್ರೀಯ ಹೆದ್ದಾರಿ ಇರಲಿ, ಊರೊಳಗಿನ ಪೇಟೆಬೀದಿ ಇರಲಿ, ಅಗಲೀಕರಣದ ಗುರುತು ಹಾಕುವವರ ಕೈಯಲ್ಲಿ ಪಾರಂಪರಿಕ ಕಟ್ಟಡಗಳ ಪಟ್ಟಿ ಇಲ್ಲದಿದ್ದರೆ ಅವರಿಗೆ ಛತ್ರವೂ ಒಂದೇ, ಹಾಳು ಗೋದಾಮೂ ಒಂದೇ.

ನರಸಿಂಹರಾಜಪುರದವರಿಗೆ ಕಳೆದುಕೊಳ್ಳುವುದೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹಿಂದೆ ಎಡೇಹಳ್ಳಿಯಾಗಿದ್ದ ಈ ಊರಿಗೆ 1915ರಲ್ಲಿ ಮೈಸೂರಿನ ಯುವರಾಜ ನರಸಿಂಹರಾಜರ ಹೆಸರಿಟ್ಟ ಕಾಲದಲ್ಲಿ ತರೀಕೆರೆಯಿಂದ ಅಲ್ಲಿಗೆ ಪುಟ್ಟ ರೈಲು ಬಂತು. ಇವತ್ತು ಹಳಿಯೂ ಇಲ್ಲ. ಲಕ್ಕವಳ್ಳಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರಿಗೆ ಊರೇ ಮುಳುಗಿ, ದೇವರನ್ನು ಹೊತ್ತು ಎದ್ದುಬಂದ ಮನೆತನಗಳ ಮಕ್ಕಳು ಮೊಮ್ಮಕ್ಕಳು ನಮ್ಮ ನಡುವೆಯೇ ಇದ್ದಾರೆ. ನೀರು ಕೇಳಿದ್ದನ್ನು ಕೊಟ್ಟೆವು. ಈಗ ನೆಲದ ಮೇಲೆ ಉಳಿದಿರುವುದನ್ನೂ ನಮ್ಮ ಅಸಡ್ಡೆಗೆ ಕೊಡಬೇಕೇ?

ಉಳಿಸಲು ಸಾಧ್ಯವಿದೆ. ದೂರ ಹೋಗಬೇಕಿಲ್ಲ. ಕುವೆಂಪು ಅವರು ಹುಟ್ಟಿದ್ದು 1904ರ ಡಿಸೆಂಬರ್ 29ರಂದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದ ಮನೆ ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಆ ಮನೆ ಇವತ್ತು ಕವಿಮನೆಯಾಗಿ ನಿಂತಿರುವುದು, ನಾಡಿನ ಮೂಲೆಮೂಲೆಯಿಂದ ಶಾಲಾಮಕ್ಕಳು ಅದರ ಜಗಲಿ ಹತ್ತುತ್ತಿರುವುದು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಹಟ ಹಿಡಿದು ಕೆಲಸ ಮಾಡಿದ್ದರಿಂದ. ಮಲೆನಾಡಿನ ಮರದ ಮನೆಯನ್ನು ಈ ಮಳೆಯಲ್ಲೇ ಉಳಿಸಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಛತ್ರವಾಗಿಯೇ ಬಾಳುತ್ತಿರುವುದಕ್ಕೆ ಬೆಂಗಳೂರಿನ ತೋಟದಪ್ಪ ಛತ್ರ ಇದೆ. ಗುಬ್ಬಿ ತೋಟದಪ್ಪನವರು ವ್ಯಾಪಾರದಲ್ಲಿ ಗಳಿಸಿದ್ದನ್ನು ಧರ್ಮಕ್ಕೆ ಬಿಟ್ಟು ರೈಲ್ವೆ ನಿಲ್ದಾಣದ ಎದುರು ಕಟ್ಟಿಸಿದ ಆ ಛತ್ರವನ್ನು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೆರೆದರು. ರೈಲಿಳಿದು ದಿಕ್ಕು ಕಾಣದ ಎಷ್ಟು ಹಳ್ಳಿಗರಿಗೆ, ಓದಲು ಬಂದ ಎಷ್ಟು ಬಡ ಹುಡುಗರಿಗೆ ತೋಟದಪ್ಪನವರ ದಾನ ಆಸರೆಯಾಯಿತೋ ಲೆಕ್ಕವಿಲ್ಲ. ಜರ್ಮನಿಯ ಆಗ್ಸ್‌ಬರ್ಗ್ ಪಟ್ಟಣದಲ್ಲಿ ಯಾಕೋಬ್ ಫುಗ್ಗರ್ ಎಂಬ ಸಾಹುಕಾರ 1521ರಲ್ಲಿ ಬಡವರಿಗೆಂದು ಮನೆಗಳ ಒಂದು ಕೇರಿಯನ್ನೇ ಸ್ಥಾಪಿಸಿದ. 1944ರಲ್ಲಿ ಬಾಂಬು ಬಿದ್ದು ಹಾಳಾಯಿತು. ಫುಗ್ಗರ್ ಮನೆತನದ ಪ್ರತಿಷ್ಠಾನ ಅದನ್ನು ಮತ್ತೆ ಕಟ್ಟಿಸಿತು. ಇಂದಿಗೂ ಅಲ್ಲಿ ಬಡವರೇ ವಾಸ, ಬಾಡಿಗೆ ವರ್ಷಕ್ಕೆ ಒಂದು ಯೂರೋವಿಗಿಂತ ಕಡಿಮೆ. ನೋಡಲು ಪ್ರವಾಸಿಗರು ಟಿಕೆಟ್ ಕೊಂಡು ಹೋಗುತ್ತಾರೆ. ಧರ್ಮದ ಮನೆ ಧರ್ಮದ ಮನೆಯಾಗಿಯೇ ಉಳಿದು ತನ್ನ ಖರ್ಚನ್ನೂ ದುಡಿಯಬಲ್ಲದು.

ಕೈಕಟ್ಟಿ ಕೂತರೆ ಏನಾಗುತ್ತದೆ ಎಂಬುದನ್ನು ಮೈಸೂರು ತೋರಿಸಿದೆ. 2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜೀವ ಹೋಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಮಗ್ಗುಲು ಬಿತ್ತು. ಉಳಿಸುವುದೋ ಕೆಡವುವುದೋ ಎಂಬ ವಾದ ಆಮೇಲೆ ವರ್ಷಗಟ್ಟಲೆ ಎಳೆಯಿತು. ಹಳೆಯ ಕಟ್ಟಡದ ಮೇಲಿನ ಪ್ರೀತಿ ಜನರ ಜೀವಕ್ಕೆ ಎರವಾಗಬಾರದು. ಮಾಡು ಜಗ್ಗಿದ ಛತ್ರದೊಳಗೆ ಮಕ್ಕಳನ್ನು ಬಿಡಬೇಡಿ. ಕೂಡಲೇ ಊರೆಗಂಬ ಕೊಡಿಸಿ, ತಾಡಪಾಲು ಹೊದೆಸಿ, ಆಮೇಲೆ ಅರ್ಜಿ ಬರೆಯಿರಿ.

ಕಾನೂನು ಏನು ಹೇಳುತ್ತದೆ

ಕರ್ನಾಟಕ ಪ್ರಾಚೀನ ಮತ್ತು ಐತಿಹಾಸಿಕ ಸ್ಮಾರಕಗಳ 1961ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ, ಚಾರಿತ್ರಿಕ ಮಹತ್ವವುಳ್ಳ ಕಟ್ಟಡವನ್ನು ರಾಜ್ಯ ಸರ್ಕಾರ ಸಂರಕ್ಷಿತ ಸ್ಮಾರಕವೆಂದು ಘೋಷಿಸಬಹುದು. ಮೊದಲು ಸರ್ಕಾರ ತನ್ನ ಉದ್ದೇಶವನ್ನು ಪ್ರಕಟಿಸಿ ಆಕ್ಷೇಪಣೆಗೆ ಕಾಲಾವಕಾಶ ಕೊಡುತ್ತದೆ, ಆಮೇಲೆ ಘೋಷಣೆ. ಘೋಷಣೆಯಾದ ಮಾತ್ರಕ್ಕೆ ಮಾಲೀಕತ್ವ ಕೈತಪ್ಪುವುದಿಲ್ಲ. ಖಾಸಗಿ ಮನೆತನ, ಟ್ರಸ್ಟ್, ಮಠ ಯಾರದೇ ಆದರೂ ಒಡೆತನ ಅವರದೇ, ಮನಬಂದಂತೆ ಕೆಡವುವ ಹಕ್ಕು ಮಾತ್ರ ಇರುವುದಿಲ್ಲ. ಮುಜರಾಯಿಗೆ ಸೇರಿದ ಛತ್ರವಾದರೆ 1997ರ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆ ಇದೆ. ಸರ್ಕಾರದ ಅನುಮತಿ ಇಲ್ಲದೆ ಅದರ ಸ್ಥಿರಾಸ್ತಿಯನ್ನು ಪರಭಾರೆ ಮಾಡುವಂತಿಲ್ಲ.

ಅಕ್ಕಪಕ್ಕದವರ ಭಯವೂ ನಮಗೆ ಗೊತ್ತು. "ಸ್ಮಾರಕ ಅಂತ ಬರೆದುಬಿಟ್ಟರೆ ನಾವು ಒಂದು ಕೊಟ್ಟಿಗೆಯನ್ನೂ ಕಟ್ಟುವ ಹಾಗಿಲ್ಲವಂತೆ" ಎಂದು ಹೇಳುವವರಿದ್ದಾರೆ. ಆ ಭಯಕ್ಕೆ ಕಾರಣವಿದೆ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ನಾವು ಕೇಂದ್ರದ ಪಟ್ಟಿಯನ್ನು ಕೇಳುತ್ತಿಲ್ಲ. ರಾಜ್ಯದ ರಕ್ಷಣೆ ಕೇಳುವಾಗಲೂ ಗಡಿ ಎಲ್ಲಿಯವರೆಗೆ, ನೆರೆಯವರಿಗೆ ಏನೇನು ಕಟ್ಟುಪಾಡು ಎಂಬುದು ಗ್ರಾಮಸಭೆಯಲ್ಲಿ, ಎಲ್ಲರ ಎದುರು ಚರ್ಚೆಯಾಗಲಿ. ಆಕ್ಷೇಪಣೆ ಇರುವವರು ಕೊಟ್ಟ ಅವಧಿಯೊಳಗೆ ಬರೆದುಕೊಡಲಿ. ನೆರೆಮನೆಯವರನ್ನು ಶತ್ರು ಮಾಡಿಕೊಂಡು ಉಳಿಸಿದ ಛತ್ರ ಬಹಳ ದಿನ ಉಳಿಯುವುದಿಲ್ಲ.

ದುಡ್ಡಿನ ಪ್ರಶ್ನೆಗೂ ದಾರಿಯಿದೆ. ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ 1991ರಿಂದ ರಾಜ್ಯದುದ್ದಕ್ಕೂ ಹಳೆಯ ಗುಡಿಗಳನ್ನು ಎತ್ತಿನಿಲ್ಲಿಸಿದ್ದು ಸರ್ಕಾರ, ಟ್ರಸ್ಟ್, ಊರವರು ಮೂವರೂ ಪಾಲು ಹಾಕುವ ಕ್ರಮದಿಂದ. ಅದೇ ಕ್ರಮ ಛತ್ರಗಳಿಗೂ ಬರಲಿ ಎಂದು ಒತ್ತಾಯಿಸೋಣ. ತೆರೆದ ಮೇಲೆ ನಡೆಸುವುದು ನಮ್ಮ ಪಾಲು. ಜಿಲ್ಲಾಸ್ಪತ್ರೆಗೆ, ಮಣಿಪಾಲಕ್ಕೆ ರೋಗಿಗಳನ್ನು ಕರೆದೊಯ್ಯುವ ಕುಟುಂಬ ರಾತ್ರಿ ತಂಗಲಿ, ದೂರದ ಹಳ್ಳಿಯ ಮಕ್ಕಳು ಪರೀಕ್ಷೆಯ ದಿನಗಳಲ್ಲಿ ಉಳಿಯಲಿ, ಕಾಲ್ನಡಿಗೆಯ ಯಾತ್ರಿಕರು ಬರಲಿ.

ನೀವು ಮಾಡಬೇಕಾದ್ದು

ನಿಮ್ಮ ಊರಿನ ಹಳೆಯ ಛತ್ರಕ್ಕೆ ಈ ವಾರವೇ ಹೋಗಿ. ನಾಲ್ಕು ದಿಕ್ಕಿನಿಂದ ಫೋಟೋ ತೆಗೆಯಿರಿ, ಒಳಗಿನ ಕಂಬ, ಮಾಡು, ಬಾವಿ, ಬರಹವಿರುವ ಕಲ್ಲು ಯಾವುದನ್ನೂ ಬಿಡಬೇಡಿ. ಅಳತೆ ಪಟ್ಟಿ ಹಿಡಿದು ಒಂದು ಕಚ್ಚಾ ನಕ್ಷೆ ಬರೆಯಿರಿ. ಪಿಯುಸಿ ಓದುವ ಮಕ್ಕಳಿಗೆ ವಹಿಸಿದರೆ ನಮಗಿಂತ ಚೆನ್ನಾಗಿ ಮಾಡುತ್ತಾರೆ. ಎಂಬತ್ತು ದಾಟಿದ ಅಜ್ಜ ಅಜ್ಜಿಯರ ಹತ್ತಿರ ಕೂತು ಕೇಳಿ: ಅಲ್ಲಿ ಯಾರು ಅಡುಗೆ ಮಾಡುತ್ತಿದ್ದರು, ಯಾವ ಗದ್ದೆಯ ಭತ್ತ ಬರುತ್ತಿತ್ತು, ಯಾವ ವರ್ಷ ನಿಂತಿತು. ಅವರ ಮಾತನ್ನು ಮೊಬೈಲಿನಲ್ಲಿ ದಾಖಲು ಮಾಡಿ. ಇದು ಮುಂದಿನ ವರ್ಷಕ್ಕೆ ತಳ್ಳುವ ಕೆಲಸವಲ್ಲ. ಪಹಣಿ ತೆಗೆಸಿ, ಹಳೆಯ ಇನಾಮು ದಾಖಲೆ, ಮುಜರಾಯಿ ಕಡತ ತಾಲ್ಲೂಕು ಕಚೇರಿಯಲ್ಲಿ ಇದ್ದರೆ ಪ್ರತಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಗ್ರಾಮ ಪಂಚಾಯಿತಿ ಅಥವಾ ಪಟ್ಟಣ ಪಂಚಾಯಿತಿಯ ಸಭೆಯಲ್ಲಿ ನಿರ್ಣಯ ಮಾಡಿಸಿ, ನಡಾವಳಿಯ ಪ್ರತಿ ಪಡೆಯಿರಿ. ನಿರ್ಣಯವಿಲ್ಲದ ಅರ್ಜಿಗೆ ಕಚೇರಿಯಲ್ಲಿ ತೂಕ ಕಡಿಮೆ.

ಆಮೇಲೆ ಈ ಒಕ್ಕಣೆಯಲ್ಲಿ ಬರೆದು, ಊರವರ ಸಹಿ ಹಾಕಿಸಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ:

"ಮಾನ್ಯ ಆಯುಕ್ತರು, ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ, ಮೈಸೂರು ಇವರಿಗೆ. ಪ್ರತಿ: ಜಿಲ್ಲಾಧಿಕಾರಿಗಳು, ಚಿಕ್ಕಮಗಳೂರು, ಮತ್ತು ನಮ್ಮ ತಾಲ್ಲೂಕಿನ ತಹಶೀಲ್ದಾರರು.

ನಮ್ಮ ಗ್ರಾಮದ ಸರ್ವೆ ನಂಬರ್ ........ ರಲ್ಲಿರುವ ಧರ್ಮಛತ್ರವು ನೂರು ವರ್ಷಕ್ಕಿಂತ ಹಳೆಯದಾಗಿದ್ದು, ಪ್ರಯಾಣಿಕರ ಅನ್ನ ಆಶ್ರಯಕ್ಕಾಗಿ ದಾನವಾಗಿ ಬಂದದ್ದಾಗಿರುತ್ತದೆ. ಇದನ್ನು 1961ರ ಕಾಯ್ದೆಯಡಿ ಸಂರಕ್ಷಿತ ಸ್ಮಾರಕವೆಂದು ಘೋಷಿಸಬೇಕು. ಘೋಷಣೆಯಾಗುವ ತನಕ ಕಟ್ಟಡವನ್ನು ಕೆಡವದಂತೆ, ಮರಮಟ್ಟು ಹೆಂಚುಗಳನ್ನು ಹರಾಜು ಹಾಕದಂತೆ ಆದೇಶಿಸಬೇಕು. ಮುಂದಿನ ಮಳೆಗಾಲಕ್ಕೆ ಮೊದಲು ಇಲಾಖೆಯ ಎಂಜಿನಿಯರರಿಂದ ಸ್ಥಳ ಪರಿಶೀಲನೆ ಮಾಡಿಸಿ, ಮಾಡಿನ ತುರ್ತು ದುರಸ್ತಿ ಕೈಗೊಳ್ಳಬೇಕು. ಫೋಟೋ, ನಕ್ಷೆ, ಪಹಣಿ ಹಾಗೂ ಪಂಚಾಯಿತಿ ನಿರ್ಣಯದ ಪ್ರತಿಗಳನ್ನು ಲಗತ್ತಿಸಿದೆ."

ಛತ್ರಗಳ ಉಳಿವಿಗಾಗಿ ಒಟ್ಟುಗೂಡಿರುವ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಾಗರಿಕರು

(ಓದಿದ ಮೇಲೆ ಈ ಕರಪತ್ರವನ್ನು ಪಕ್ಕದ ಮನೆಯವರಿಗೆ ಕೊಡಿ.)